ಮಂಜರಾಬಾದಿಗೆ ಬಂದ ತಂತಿ

ನಮ್ಮ ಮನೆಗೆ ಅಂತರ್ಜಾಲದ ಸಂಪರ್ಕ ಕೊಟ್ಟಿದ್ದ ಕಂಪನಿಯವರ ಕರಾರುಪತ್ರವನ್ನು ನಾನು ಪೂರ್ತಿಯಾಗಿ ಓದಿದ್ದು 2023ರ ಜುಲೈ ತಿಂಗಳಲ್ಲಿ. ಓದುವುದಕ್ಕೆ ಬೇಕಾದಷ್ಟು ಬಿಡುವಿತ್ತು. ಎಂಟು ದಿನಗಳಿಂದ ಸಂಪರ್ಕವೇ ಇರಲಿಲ್ಲ. ಆಲೂರಿನಿಂದ ಸಕಲೇಶಪುರದ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ನಾಲ್ಕು ಮೈಲಿ ಒಳಕ್ಕೆ ನಡೆದರೆ ಸಿಗುವ ಕಾಫಿತೋಟದ ಮನೆ ನಮ್ಮದು. ಹೊರಗೆ ಮಳೆ ಹಿಡಿದು ಕುಳಿತಿತ್ತು. ಪತ್ರದಲ್ಲಿ ನನ್ನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು: ವೇಗ ಸೆಕೆಂಡಿಗೆ 40 ಮೆಗಾಬಿಟ್ ‘ವರೆಗೆ’.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಥ ಮಾತು ಬೇಗ ಕಾಣುತ್ತದೆ. ‘ವರೆಗೆ’ ಎಂಬುದು ಒಂಟಿಯಾಗಿ ಬಾಳುವುದು ಕಡಿಮೆ. ಹಾಸನದಿಂದ ಸಕಲೇಶಪುರದವರೆಗೆ ಎನ್ನುತ್ತೇವೆ, ಮುಂಜಾನೆಯಿಂದ ಬೈಗಿನವರೆಗೆ ಎನ್ನುತ್ತೇವೆ. ಒಂದು ಕೊನೆಯಲ್ಲಿ ‘ಇಂದ’ ಇದ್ದರೇ ಇನ್ನೊಂದು ಕೊನೆಯ ‘ವರೆಗೆ’ ಎಂಬುದಕ್ಕೆ ಅಳತೆ. ನನ್ನ ಕರಾರಿನಲ್ಲಿ ‘ವರೆಗೆ’ ಇತ್ತು, ‘ಇಂದ’ ಇರಲಿಲ್ಲ. ಸೊನ್ನೆಯೂ ನಲವತ್ತರ ಒಳಗೇ ಇದೆಯಷ್ಟೆ! ಈ ಕಾಣೆಯಾದ ‘ಇಂದ’ವನ್ನು ಹುಡುಕುತ್ತ ಹೋದವನಿಗೆ ನಮ್ಮ ಬೆಟ್ಟಗಳಿಗೆ ತಂತಿ ಬಂದ ಕಥೆಯೇ ಎದುರಾಯಿತು. ಅದನ್ನು ಓದುಗರ ಮುಂದಿಡುತ್ತೇನೆ.

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದೇ ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಘಟ್ಟದ ದಾರಿಯ ಮೇಲೆ ಕಣ್ಣಿಡಲು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇಂದಿಗೂ ದೋಣಿಗಾಲಿನ ಬಳಿ ನಿಂತಿದೆ. ಅಂದು ಸುದ್ದಿಯ ವೇಗವೆಂದರೆ ಕುದುರೆಯ ವೇಗ. 1850ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಎಂಬವರು ಈ ಸೀಮೆಗೆ ಬಂದು ಕಾಫಿತೋಟ ಮಾಡಿದರು. ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ಬೇಸಾಯಗಳನ್ನು ಕುರಿತು 1894ರಲ್ಲಿ ಪುಸ್ತಕವನ್ನೂ ಬರೆದರು. ಅವರ ಕಾಲಕ್ಕೇ ಇಲ್ಲಿಯ ಬೀಜದ ಬೆಲೆಯನ್ನು ಲಂಡನ್ನಿನ ಪೇಟೆ ಕಟ್ಟುತ್ತಿತ್ತು. ಇಂಡಿಯಾದಲ್ಲಿ ತಂತಿಯ ಸೇವೆ ಸಾರ್ವಜನಿಕರಿಗೆ ತೆರೆದದ್ದು 1854ರಲ್ಲಿ. ಆದರೆ ತಂತಿ ಓಡಿದ್ದು ಹೆದ್ದಾರಿಗಳ ಗುಂಟ, ರೈಲುಹಾದಿಗಳ ಗುಂಟ. ಕಚೇರಿಯವರೆಗೆ ಸುದ್ದಿ ಮಿಂಚಿನಂತೆ ಬಂದರೂ ಅಲ್ಲಿಂದ ತೋಟಕ್ಕೆ ಅದು ಒಬ್ಬ ಮನುಷ್ಯನ ಕಾಲಿನ ಮೇಲೆಯೇ ಬರಬೇಕು. ಹೊಳೆ ತುಂಬಿದ್ದರೆ ಹೊಳೆ ಇಳಿಯುವ ತನಕ ಕಾಯಬೇಕು. ಸಾವಿರ ಮೈಲಿಯ ತಂತಿ ಸುಲಭ, ಕೊನೆಯ ನಾಲ್ಕು ಮೈಲಿ ಕಷ್ಟ ಎಂಬ ಪಾಠವನ್ನು ಮಲೆನಾಡು ಕಲಿತದ್ದು ಆಗಲೇ. 2013ರ ಜುಲೈಯಲ್ಲಿ ತಂತಿಸೇವೆ ನಿಂತುಹೋಯಿತು. ಪಾಠ ಮಾತ್ರ ಉಳಿದಿದೆ.

ದೂರವಾಣಿಯ ಕಥೆಯೂ ಬೇರೆಯಲ್ಲ. 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಟೆಲಿಫೋನ್ ಕಾರ್ಖಾನೆ ಆರಂಭವಾಯಿತು. ಆದರೂ ಹಳ್ಳಿಯವನಿಗೆ ಫೋನು ಬಹುಕಾಲ ಕನಸಿನ ಮಾತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಟ್ರಂಕ್ ಕಾಲ್ ಬರೆಸಿ ಅರ್ಧ ದಿನ ಕಾಯುವುದು, ಸಿಕ್ಕಾಗ ಊರಿಗೆಲ್ಲ ಕೇಳುವಂತೆ ಕೂಗುವುದು—ಇವನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬದಲಾವಣೆ ಬಂದದ್ದು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿದ ಮೇಲೆ. ಹವಾನಿಯಂತ್ರಣದ ಕೋಣೆ ಬೇಡದ, ಸೆಕೆ ಧೂಳುಗಳನ್ನು ತಾಳಿಕೊಳ್ಳುವ 128 ಸಂಪರ್ಕಗಳ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜನ್ನು ಅವರು ರೂಪಿಸಿದರು. ಅದು ಮೊಟ್ಟಮೊದಲು ಕೆಲಸಕ್ಕೆ ನಿಂತದ್ದು ನಮ್ಮ ನಾಡಿನ ಕಿತ್ತೂರಿನಲ್ಲಿ, 1986ರಲ್ಲಿ. ಕನ್ನಡಿಗರು ಇದನ್ನು ಹೆಮ್ಮೆಯಿಂದ ನೆನೆಯಬಹುದು.

ನಮ್ಮ ಮನೆಗೆ ಫೋನು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮಳೆಗಾಲದಲ್ಲಿ ಅದು ಸಾಯುತ್ತಿದ್ದುದು ಉಂಟು. ಆದರೆ ಸತ್ತಾಗ ಯಾರನ್ನು ಕೇಳಬೇಕೆಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಲೈನ್‌ಮನ್ ಸೈಕಲ್ಲನ್ನು ಗೇಟಿಗೆ ಒರಗಿಸಿ, ಕಂಬ ಹತ್ತಿ ಇಳಿದು, ಕಾಲಿನ ಜಿಗಣೆ ಕಿತ್ತೆಸೆದು, ಅಜ್ಜಿ ಕೊಟ್ಟ ಕಾಫಿ ರೊಟ್ಟಿ ಮುಗಿಸಿ ಹೋಗುತ್ತಿದ್ದರು. ಯಾವ ಮರದ ಕೊಂಬೆ ಯಾವ ತಿರುವಿನಲ್ಲಿ ತಂತಿಗೆ ತಾಗುತ್ತದೆಂಬುದು ಅವರ ತಲೆಯಲ್ಲಿತ್ತು. ಇನ್ನೊಂದು ಸೌಕರ್ಯವನ್ನು ನಾವು ಈಗ ಮರೆತಿದ್ದೇವೆ: ಆ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟಿನ ವಿದ್ಯುತ್ತು ಹರಿಯುತ್ತಿತ್ತು. ಮನೆಯಲ್ಲಿ ಮೂರು ದಿನ ಕರೆಂಟಿಲ್ಲದಿದ್ದರೂ ಫೋನು ಮಾತಾಡುತ್ತಿತ್ತು. ಇಂದಿನ ಪೆಟ್ಟಿಗೆ ಕರೆಂಟು ಹೋದೊಡನೆ ಕಣ್ಣು ಮುಚ್ಚುತ್ತದೆ.

ಬೆಟ್ಟದವನಿಗೆ ವೇಗ ಏಕೆ ಬೇಕು ಎಂದು ಪೇಟೆಯ ಮಿತ್ರರು ಕೇಳುವುದುಂಟು. ಉತ್ತರ ಕಾಫಿಯ ಚರಿತ್ರೆಯಲ್ಲಿದೆ. 1942ರ ಕಾಯ್ದೆಯ ಬಳಿಕ ಬೆಳೆಗಾರನು ಬೆಳೆದ ಬೀಜವನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಇಂದಿನ ಬೆಲೆ ಇಂದೇ ತಿಳಿದು ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. 1992ರಿಂದ ಈ ಕಟ್ಟು ಸಡಿಲಗೊಂಡು, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಬೀಜವನ್ನು ತಾವೇ ಮಾರುವಂತಾಯಿತು. ಅರೇಬಿಕಾಕ್ಕೆ ನ್ಯೂಯಾರ್ಕಿನ ಬೆಲೆ, ರೊಬಸ್ಟಾಕ್ಕೆ ಲಂಡನ್ನಿನ ಬೆಲೆ. ತಿಳಿದವನು ಗೆದ್ದ, ತಿಳಿಯದವನು ವ್ಯಾಪಾರಿ ಹೇಳಿದ್ದಕ್ಕೆ ತಲೆಯಾಡಿಸಿದ. ಕಾಲದ ಆಟ ನೋಡಿ: ವಿದೇಶ ಸಂಚಾರ ನಿಗಮವು ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಡಯಲ್-ಅಪ್ ಅಂತರ್ಜಾಲವನ್ನು ದೊಡ್ಡ ನಗರಗಳಲ್ಲಿ ಜನರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ಬೆಳೆಗಾರನಿಗೆ ಸುದ್ದಿ ಬೇಕಾದದ್ದೂ ಸುದ್ದಿಯ ಹೊಸ ದಾರಿ ತೆರೆದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ದಾರಿ ಮಾತ್ರ ನಗರದಲ್ಲಿ, ಅಗತ್ಯ ತೋಟದಲ್ಲಿ.

2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಸಾರಿತು. ಇಲ್ಲಿಯೇ ನಾನು ಹುಡುಕುತ್ತಿದ್ದ ‘ಇಂದ’ ಮೊದಲ ಬಾರಿಗೆ ಕಂಡಿತು. ಸೆಕೆಂಡಿಗೆ 256 ಕಿಲೋಬಿಟ್‌ಗಿಂತ ಕಡಿಮೆಯಾದದ್ದು ಬ್ರಾಡ್‌ಬ್ಯಾಂಡೇ ಅಲ್ಲ ಎಂದಿತು ನೀತಿ. ಈ ಕೆಳಮಿತಿ 2013ರಲ್ಲಿ 512 ಕಿಲೋಬಿಟ್‌ಗೂ 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿತು. ಆದರೆ ಮೊದಮೊದಲು ಈ ಸೇವೆ ಬಂದದ್ದು ಅದೇ ತಾಮ್ರದ ಫೋನ್ ತಂತಿಯಲ್ಲಿ. ತಾಮ್ರದಲ್ಲಿ ಈ ಸಂಕೇತ ದೂರ ಹೋದಂತೆ ಸೊರಗುತ್ತದೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರು ದಾಟಿದರೆ ನಿಲ್ಲುವುದೇ ಕಷ್ಟ. ಸಕಲೇಶಪುರದ ಪೇಟೆಬೀದಿಯವನು ಮಿತಿಯೊಳಗಿದ್ದ. ಹೆತ್ತೂರು, ಯಸಳೂರುಗಳ ಆಚೆಯ ಒಂಟಿಮನೆಯವನು ಹೊರಗುಳಿದ.

ತಂತಿಯ ಗೊಡವೆಯೇ ಬೇಡ, ಗಾಳಿಯಲ್ಲೇ ಬರಲಿ ಎಂದರೆ ಬೆಟ್ಟ ಅಡ್ಡ ನಿಂತಿತು. ಮೊಬೈಲಿನ ಅಲೆ ಬೆಟ್ಟದ ಮರೆಗೆ ಬಾಗದು. ನೆನೆದ ಎಲೆಗಳ ನಡುವೆ ಕುಂದುತ್ತದೆ. ನಮ್ಮ ಜಿಲ್ಲೆಯ ಸೋಜಿಗವೊಂದನ್ನು ಇಲ್ಲಿ ಹೇಳಲೇಬೇಕು. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಕ್ಕೆ ಅಲ್ಲಿಂದ ಅಪ್ಪಣೆ ಹೋಗುತ್ತದೆ, ಅದು ಕೇಳುತ್ತದೆ. ಅದೇ ಹಾಸನದಿಂದ ನಲವತ್ತು ಕಿಲೋಮೀಟರು ದೂರದ ಕಣಿವೆಯ ಮನೆಗೆ ಮಾತು ಮುಟ್ಟುವುದಿಲ್ಲ. ಬೆಲೆಯ ಸುದ್ದಿ ತಡವಾದರೆ ಹಣ ಹೋದೀತು. ಆಲೂರು, ಸಕಲೇಶಪುರಗಳಲ್ಲಿ ಈಗ ಆನೆ ಎಲ್ಲಿದೆ ಎಂಬ ಎಚ್ಚರಿಕೆಯೂ ಫೋನಿನಲ್ಲೇ ಬರುತ್ತದೆ. ಅದು ತಡವಾದರೆ ಹೋಗುವುದು ಹಣವಲ್ಲ.

2020ರಲ್ಲಿ ಕಾಲೇಜುಗಳು ಮುಚ್ಚಿ ಪಾಠ ಪರದೆಯ ಮೇಲೆ ಬಂದಾಗ ಇದೆಲ್ಲ ನನ್ನ ಹಾಜರಿ ಪುಸ್ತಕದೊಳಕ್ಕೆ ಬಂದಿತು. ಹೆತ್ತೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಬಿಸಿಲಿದ್ದ ದಿನ ಬರುತ್ತಿದ್ದಳು, ಮಳೆಯ ದಿನ ಬರುತ್ತಿರಲಿಲ್ಲ. ನಾನು ನಿಯಮದಂತೆ ‘ಗೈರು’ ಎಂದು ಬರೆಯುತ್ತ ಹೋದೆ. ಕಾಲೇಜು ತೆರೆದ ಮೇಲೆ ಕರೆದು ಕೇಳಿದೆ. “ಮನೇಲಿ ಸಿಗ್ನಲ್ ಇಲ್ಲ ಸಾರ್. ತೋಟದ ಮೇಲಿನ ಬಂಡೆ ಹತ್ತಿದ್ರೆ ಸಿಗುತ್ತೆ. ಮಳೇಲಿ ಅಪ್ಪ ಬಿಡ್ತಿರಲಿಲ್ಲ” ಎಂದಳು. ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ್ದಳು. ನನ್ನ ಪುಸ್ತಕದಲ್ಲಿ ‘ಹಾಜರಿ’ ಇತ್ತು, ‘ಗೈರು’ ಇತ್ತು. ತಂತಿಯ ತಪ್ಪನ್ನು ಬರೆಯಲು ಅಂಕಣವಿರಲಿಲ್ಲ. ಹಿಡಿದ ತಪ್ಪನ್ನೆಲ್ಲ ನಾನು ಆ ಮಗುವಿನ ಹೆಸರಿನ ಮುಂದೆ ಬರೆದಿದ್ದೆ.

ಈಗ ಗಾಜಿನೆಳೆಯ ಕಾಲ. ಗ್ರಾಮ ಪಂಚಾಯತಿಗಳಿಗೆ ಅದನ್ನು ಒಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟಿನಲ್ಲಿ ಅದರ ವಿಸ್ತರಣೆಗೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಎಳೆಯೊಳಗೆ ಓಡುವುದು ಬೆಳಕಾದ್ದರಿಂದ ಹತ್ತಿಪ್ಪತ್ತು ಕಿಲೋಮೀಟರು ಅದಕ್ಕೆ ಲೆಕ್ಕವಲ್ಲ. ಆದರೆ ಪಂಚಾಯತಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಮತ್ತೆ ಅದೇ ಕೊನೆಯ ನಾಲ್ಕು ಮೈಲಿ! ಅಲ್ಲಿ ಎಳೆ ಕರೆಂಟಿನ ಕಂಬದ ಮೇಲೆ, ಸಿಲ್ವರ್ ಮರದ ಮೇಲೆ ನೇತಾಡುತ್ತ ಬರುತ್ತದೆ. ನಮ್ಮ ಮನೆಯದು ಕಡಿದದ್ದೂ ಹಾಗೆಯೇ, ಒಂದು ಕೊಂಬೆ ಬಿದ್ದು.

ನಾನು ದೂರು ಕೊಟ್ಟೆ, ಸಂಖ್ಯೆ ಕೊಟ್ಟರು. ಹಾಸನಕ್ಕೆ ಹೋದಾಗ ಫೋನಿಗೆ ಸಂದೇಶ ಬಂತು: ನಿಮ್ಮ ದೂರು ಬಗೆಹರಿದಿದೆ. ಮನೆಗೆ ಬಂದರೆ ಪೆಟ್ಟಿಗೆಯ ಕೆಂಪು ದೀಪ ಹಾಗೆಯೇ ಮಿನುಗುತ್ತಿತ್ತು. ಮತ್ತೆ ದೂರು, ಮತ್ತೆ ಸಂಖ್ಯೆ, ಮತ್ತೆ ಬಗೆಹರಿದ ಸಂದೇಶ. ಹನ್ನೆರಡನೆಯ ದಿನ ಒಬ್ಬ ಹುಡುಗ ಬೈಕಿನಲ್ಲಿ ಬಂದ. “ಏನಪ್ಪಾ, ಇಷ್ಟು ದಿನ?” ಎಂದೆ. “ಇಡೀ ಹೋಬಳಿಗೆ ನಾವಿಬ್ಬರೇ ಸಾರ್. ಎಳೆ ಕೂಡಿಸೋ ಮಿಷನ್ ಒಂದೇ” ಎಂದ. ನನ್ನ ಸಿಟ್ಟು ಇಳಿಯಿತು. ಅವನು ಹಳೆಯ ಲೈನ್‌ಮನ್ನರ ವಂಶದವನೇ. ಕಾಫಿ ಕುಡಿದು ಇನ್ನೊಂದು ಮನೆಗೆ ಹೊರಟ.

ಆದರೆ ಸಿಟ್ಟು ಇಳಿದ ಮಾತ್ರಕ್ಕೆ ಹಕ್ಕು ಬಿಡಬೇಕಾಗಿಲ್ಲ. 1997ರಲ್ಲಿ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2006ರಲ್ಲಿ ಮಾಡಿದ ನಿಯಮಗಳು ಅಂದು ಜಾರಿಯಲ್ಲಿದ್ದವು. ದೋಷ ಮೂರು ಕೆಲಸದ ದಿನ ಮೀರಿದರೆ ಏಳು ದಿನದ ಬಾಡಿಗೆ, ಏಳು ಮೀರಿದರೆ ಹದಿನೈದು ದಿನದ್ದು, ಹದಿನೈದು ಮೀರಿದರೆ ತಿಂಗಳದ್ದು ಗ್ರಾಹಕನಿಗೆ ಬಿಟ್ಟುಕೊಡಬೇಕೆಂದು ಅವು ಹೇಳಿದ್ದವು. 2024ರ ಅಕ್ಟೋಬರಿನಿಂದ ಹೊಸ ನಿಯಮಗಳು ಬಂದಿವೆ. ದೂರಿಗೆ ತೃಪ್ತಿಕರ ಉತ್ತರ ಬಾರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವ ದಾರಿಯನ್ನು 2012ರ ನಿಯಮ ಮಾಡಿಕೊಟ್ಟಿತು. 1885ರ ತಂತಿ ಕಾಯ್ದೆಯ ಕಾರಣದಿಂದ ಇಂಥ ವ್ಯಾಜ್ಯ ಗ್ರಾಹಕರ ನ್ಯಾಯಾಲಯಕ್ಕೆ ಬಾರದೆಂದು 2009ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2022ರ ಫೆಬ್ರವರಿಯಲ್ಲಿ ಬರಬಹುದೆಂದು ತೀರ್ಪಿತ್ತಿತು. ನಾನು ಮೇಲ್ಮನವಿ ಬರೆದೆ. ಹದಿನೈದು ದಿನದ ಬಾಡಿಗೆ ಬಿಲ್ಲಿನಲ್ಲಿ ವಜಾ ಆಯಿತು. ಹಣ ದೊಡ್ಡದಲ್ಲ. ಅದೇ ಕೊಂಬೆ ಬಿದ್ದು ಸಂಪರ್ಕ ಕಳೆದುಕೊಂಡಿದ್ದ ನೆರೆಯ ನಾಲ್ಕು ಮನೆಯವರು ಬರೆದಿರಲಿಲ್ಲ. ಅವರಿಗೆ ಏನೂ ಬರಲಿಲ್ಲ.

ಸಂಪರ್ಕ ಪಡೆಯುವ ಓದುಗರು ಎರಡು ಮಾತು ನೆನಪಿಡಬೇಕು. ಜಾಹೀರಾತಿನಲ್ಲಿ ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಕಡತವನ್ನು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. ಆದ್ದರಿಂದ 40 ಮೆಗಾಬಿಟ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್ ಮಾತ್ರ, ಅದೂ ‘ವರೆಗೆ’. ಎರಡನೆಯದಾಗಿ, ಕೊಂಬೆ ಬಿದ್ದರೆ ಕೂಡಿಸುವವರು ಯಾರು, ಎಷ್ಟು ದೂರದಲ್ಲಿದ್ದಾರೆ ಎಂದು ಮೊದಲೇ ಕೇಳಬೇಕು. ನಲವತ್ತೋ ನೂರೋ ಎಂಬುದಕ್ಕಿಂತ ಬೆಟ್ಟದ ಮನೆಗೆ ಈ ಪ್ರಶ್ನೆ ದೊಡ್ಡದು.

ಕಾಯ್ದೆಯ ‘ಇಂದ’ ಎರಡರಲ್ಲಿದೆ, ಕರಾರಿನ ‘ವರೆಗೆ’ ನಲವತ್ತರಲ್ಲಿದೆ. ಇವೆರಡರ ನಡುವೆ ಎಲ್ಲೋ ನಮ್ಮ ಬೆಟ್ಟದ ಮನೆಗಳಿವೆ. ಕೆಳಮಿತಿಯನ್ನು ಯಾರೂ ಒಪ್ಪಿಕೊಳ್ಳದಿದ್ದರೆ ಕೊರತೆಯೆಲ್ಲ ಕೊನೆಯ ಮನೆಯವನ ಲೆಕ್ಕಕ್ಕೆ ಹೋಗುತ್ತದೆ. 2020ರ ಆ ಹಾಜರಿ ಪುಸ್ತಕ ನನ್ನ ಮೇಜಿನಲ್ಲಿದೆ. ಅದನ್ನು ತಿದ್ದುವ ಅಧಿಕಾರ ಈಗ ನನಗಿಲ್ಲ. ಮಳೆ ಜೋರಾಗಿ ಹಿಡಿದ ದಿನ ಪರದೆಯ ಮೇಲೆ ಏನಾದರೂ ಪಾಠವಿದ್ದರೆ, ಬಾರದವರ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಡುತ್ತೇನೆ. ಮರುದಿನ ಕೇಳಿ ಬರೆಯುತ್ತೇನೆ.