ಕೊಲೊನೊಸ್ಕೊಪಿ: ಪಾಲಿಪ್ ತಪಾಸಣೆ

ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡ ಕರುಳಿನ ಒಳಗೋಡೆಯನ್ನು ನೋಡುವ ಪರೀಕ್ಷೆ. ಆ ಗೋಡೆಯಲ್ಲಿ ಬೆಳೆಯುವ ಗಂಟೇ ಪಾಲಿಪ್. ಅಡಿನೋಮಾ ಜಾತಿಯ ಪಾಲಿಪ್ ಕ್ಯಾನ್ಸರಾಗಲು ಸಾಮಾನ್ಯವಾಗಿ 10 ವರ್ಷವಾದರೂ ಬೇಕು. ಬಹುಪಾಲು ಆಗುವುದೇ ಇಲ್ಲ. ಕಂಡದ್ದನ್ನು ತಂತಿಯ ಕುಣಿಕೆ ಬಿಗಿದು ಅಲ್ಲೇ ಕತ್ತರಿಸಬಹುದು. ಈ ಪರೀಕ್ಷೆಯ ದೊಡ್ಡ ಗುಣ ಇದೇ.

ಆದರೆ ಕರುಳು ಖಾಲಿಯಾಗಲೆಂದು ಪರೀಕ್ಷೆಗೆ ಮೊದಲು ಕುಡಿಯುವ ಭೇದಿಯ ದ್ರಾವಣವನ್ನು ಅರ್ಧಕ್ಕೇ ಬಿಟ್ಟರೆ ಕಾಣುವುದು ಮಲ ಮಾತ್ರ. ಬಲಬದಿಯ ಮಡಿಕೆಗಳ ಹಿಂದೆ ಅಡಗಿದ ಚಪ್ಪಟೆ ಪಾಲಿಪ್ ನುರಿತ ಕಣ್ಣಿಗೂ ತಪ್ಪುತ್ತದೆ. ರಕ್ತಸ್ರಾವ, ಕರುಳು ತೂತಾಗುವುದು ಅಪರೂಪ, ಆದರೂ ಉಂಟು. 2022ರಲ್ಲಿ ಪ್ರಕಟವಾದ ಯುರೋಪಿನ ನಾರ್ಡಿಕ್ ಪ್ರಯೋಗದಲ್ಲಿ ತಪಾಸಣೆಗೆ ಕರೆ ಹೋದವರ 10 ವರ್ಷದ ಕರುಳಿನ ಕ್ಯಾನ್ಸರ್ ಅಪಾಯ ಶೇ. 0.98, ಉಳಿದವರದು ಶೇ. 1.20. ಕರೆದವರಲ್ಲಿ ಬಂದವರೇ ಶೇ. 42.

ಮುಂಬಯಿಯ ಪರೇಲಿನ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ಪರವೂರುಗಳಿಂದ ಬಂದು ದಾದರ್‌ನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ತಂಗುವವರು ರೋಗ ಹೊತ್ತು ಬಂದವರು. ಆದರೆ ತಪಾಸಣೆ ಇರುವುದು ಲಕ್ಷಣವೇ ಇಲ್ಲದವರಿಗೆ. ಭಾರತದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳದ್ದು, ಕರುಳು ಅದರಲ್ಲಿಲ್ಲ. ಕರುಳಿನ ಕ್ಯಾನ್ಸರ್ ಪಶ್ಚಿಮಕ್ಕಿಂತ ಕಡಿಮೆಯಿರುವ ನಮ್ಮಲ್ಲಿ ಎಲ್ಲರಿಗೂ ಕೊಳವೆ ಹಾಕುವುದು ದುಬಾರಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಕರುಳಿನ ಕ್ಯಾನ್ಸರ್ ಆಗಿದ್ದವರು ಮೊದಲು ಮಾಡಿಸಿಕೊಳ್ಳಬೇಕು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಮುಲಾಮು ಹಚ್ಚುತ್ತ ಕೂರುವಂತಿಲ್ಲ. ಅಲ್ಲಿ ಕೊಲೊನೊಸ್ಕೊಪಿ ತಪಾಸಣೆಯಲ್ಲ, ರೋಗನಿರ್ಣಯ.