ಹೊಳೆ ಇಳಿದಾಗ ಹರಿಹರ

ಯುಗಾದಿ ಕಳೆದು ಒಂದು ವಾರ ಆಗಿತ್ತು. ಹರಿಹರದಲ್ಲಿ ಬಸ್ ಇಳಿದು, ದೇವಸ್ಥಾನದ ಕಡೆ ಹೋಗಬೇಕು ಅಂತ ಆಟೋ ಹತ್ತಿದೆ. ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಈಗ ಬಂದು ಏನ್ ನೋಡ್ತೀರಿ ಸಾ? ತೇರು ಮುಗೀತು, ಹೊಳ್ಯಾಗ ನೀರಿಲ್ಲ" ಅಂದರು.

ಅವರ ಮಾತು ಸರಿಯೇ. ನಮ್ಮ ಕಡೆ ಜನ ಹರಿಹರಕ್ಕೆ ಹೋಗುವುದಕ್ಕೆ ದಿನಗಳಿವೆ. ಸಂಕ್ರಾಂತಿಗೆ ಹೊಳೆಸ್ನಾನ, ಆಮೇಲೆ ತೇರು, ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ಹಬ್ಬ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದನ್ನು ನೋಡುವುದಕ್ಕೇ ಸೇತುವೆ ಮೇಲೆ ಜನ ನಿಲ್ಲುತ್ತಾರೆ. ಬೇಸಿಗೆ ಶುರುವಾಗಿ, ಮಳೆಗೆ ಇನ್ನೂ ಎರಡು ತಿಂಗಳು ಇರುವ ಈ ನಡುವಿನ ಹೊತ್ತಿನಲ್ಲಿ ಮಾತ್ರ ಯಾರೂ ಬರುವುದಿಲ್ಲ.

ಆದರೆ ಇನ್ನೂರು ವರ್ಷದ ಹಿಂದೆ ಲೆಕ್ಕ ಬೇರೆ ಇತ್ತು. ಹರಿಹರಕ್ಕೆ ಬರಬೇಕಾದರೆ, ಅದಕ್ಕಿಂತ ಹೆಚ್ಚಾಗಿ ಹರಿಹರ ದಾಟಬೇಕಾದರೆ, ಇದೇ ಸರಿಯಾದ ಕಾಲ. ಅದನ್ನು ಹೇಳಲಿಕ್ಕೆ ಇಬ್ಬರು ಪರದೇಶದವರ ಕಥೆ ಸಾಕು. ಒಬ್ಬ ತಡವಾಗಿ ಬಂದ, ಇನ್ನೊಬ್ಬ ಹೊತ್ತಿಗೆ ಸರಿಯಾಗಿ ಬಂದ.

ತಡವಾಗಿ ಬಂದವನು

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅಲ್ಲಿನ ಸೆರೆಮನೆಯಿಂದ ಹೊರಬಿದ್ದವರಲ್ಲಿ ಧೋಂಡಿಯಾ ವಾಘ್ ಒಬ್ಬ. ಅವನು ನಮ್ಮ ಚನ್ನಗಿರಿಯವನು. ಹೊರಗೆ ಬಂದವನೇ ಚದುರಿಹೋದ ಸೈನಿಕರನ್ನು ಕೂಡಿಸಿಕೊಂಡು ಬ್ರಿಟಿಷರ ವಿರುದ್ಧ ಎದ್ದ. ಅವನನ್ನು ಹಿಡಿಯಲು ಹೊರಟ ದೊಡ್ಡ ಸೈನ್ಯಕ್ಕೆ ಆರ್ಥರ್ ವೆಲ್ಲೆಸ್ಲಿ ನಾಯಕ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದವನು ಇವನೇ.

ವೆಲ್ಲೆಸ್ಲಿಯ ದಂಡು ಹರಿಹರ ಮುಟ್ಟಿದ್ದು 1800ರ ಜೂನ್ ನಡುವಿನ ಹೊತ್ತಿಗೆ. ಅಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದಿತ್ತು. ನಮಗೆ ಗೊತ್ತಿರುವುದೇ: ಹರಿಹರದಲ್ಲಿ ಬಿಸಿಲಿದ್ದರೂ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆಯಾದರೆ ಹೊಳೆ ಏರುತ್ತದೆ. ಸೇತುವೆ ಇಲ್ಲ. ಸಿಪಾಯಿಗಳು, ಕುದುರೆಗಳು, ಫಿರಂಗಿ, ಎತ್ತುಗಳು, ಅಕ್ಕಿ ಮೂಟೆ, ಎಲ್ಲವನ್ನೂ ದೋಣಿ, ಹರಿಗೋಲುಗಳಲ್ಲಿ ದಾಟಿಸಬೇಕು. ದಿನಗಳೇ ಹಿಡಿದವು. ಜೂನ್ ಕೊನೆಗೆ ದಂಡು ಆಚೆ ದಡದ ರಾಣೆಬೆನ್ನೂರು ಕೋಟೆ ಹಿಡಿಯಿತು. ಧೋಂಡಿಯಾ ಮಾತ್ರ ಸಿಕ್ಕಲಿಲ್ಲ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಹತ್ತಿರ ಕಾದಾಟದಲ್ಲಿ ಸಾಯುವ ತನಕ ಅವನು ಉತ್ತರ ಕರ್ನಾಟಕದ ತುಂಬ ಅವರನ್ನು ಓಡಾಡಿಸಿದ.

ಒಂದು ತಿಂಗಳು ಮೊದಲು ಬಂದಿದ್ದರೆ ಅದೇ ಹೊಳೆಯನ್ನು ಎತ್ತಿನ ಗಾಡಿ ಕೂಡ ದಾಟಬಹುದಿತ್ತು.

ಹೊತ್ತಿಗೆ ಬಂದವನು

ಮರುವರ್ಷ ಬಂದವನು ಡಾಕ್ಟರ್. ಹೆಸರು ಫ್ರಾನ್ಸಿಸ್ ಬುಕಾನನ್, ಸ್ಕಾಟ್ಲೆಂಡಿನವನು. ಅವನನ್ನು ಕಳಿಸಿದವನು ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ, ಅಂದರೆ ಹಿಂದಿನ ವರ್ಷ ದಂಡು ತಂದವನ ಅಣ್ಣ. ತಮ್ಮನಿಗೆ ನಾಡನ್ನು ಹಿಡಿಯುವ ಕೆಲಸ. ಹಿಡಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಏನು ನೇಯುತ್ತಾರೆ, ದನಕರು ಎಂಥವು, ಯಾವ ಮಾಲು ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಂಡು ಬರುವುದು ಬುಕಾನನ್ನನ ಕೆಲಸ.

1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆ, ಮಲಬಾರ್, ಕೆನರಾ ಸುತ್ತಿ, ಘಟ್ಟ ಹತ್ತಿ, ಇಕ್ಕೇರಿ, ನಗರ ನೋಡಿಕೊಂಡು ನಮ್ಮ ಸೀಮೆಗೆ ಇಳಿದದ್ದು 1801ರ ಬೇಸಿಗೆಯ ಆರಂಭದಲ್ಲಿ. ಸುಗ್ಗಿ ಮುಗಿದು ಕಣ ಖಾಲಿ, ರೈತನಿಗೆ ಕೂತು ಮಾತಾಡಲು ಪುರುಸೊತ್ತು. ದಾರಿ ಒಣಗಿದೆ, ಹಳ್ಳಗಳು ಬತ್ತಿವೆ. ಪ್ರಶ್ನೆ ಕೇಳಲು ಬಂದವನಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಹರಿಹರವೂ ಇದೆ, ದಾವಣಗೆರೆಯೂ ಇದೆ.

ಆಗಿನ ದಾವಣಗೆರೆ ಈಗಿನದಲ್ಲ. ಮೊದಲು ಅದು ಪಕ್ಕದ ಬೇತೂರಿನ ಪೇಟೆ, ಅಲ್ಲೊಂದು ಇಲ್ಲೊಂದು ಮನೆ. ಹೈದರಾಲಿ ಅದನ್ನು ತನ್ನ ಕಡೆ ಬಂದ ಆಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆಪೋಜಿ ರಾಮ್ ವ್ಯಾಪಾರಿಗಳನ್ನು ಕರೆದು ನೆಲೆ ಮಾಡಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ತಮಿಳು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ವಾಪಸ್ ಬರುವಾಗ ಉಪ್ಪು, ಜೊತೆಗೆ ಮದ್ರಾಸಿನ ಹಡಗುಗಳಲ್ಲಿ ಬಂದ ಚೀನಾದ, ಯುರೋಪಿನ, ಪೂರ್ವ ದ್ವೀಪಗಳ ಸರಕು. ಕುರುಬರು ನೇಯ್ದ ಕಂಬಳಿಗೆ ಊರು ಹೆಸರಾಗಿತ್ತು, ಬುಕಾನನ್ ಅದನ್ನೂ ಬರೆದುಕೊಂಡ. ಹತ್ತಿಗಿರಣಿಗಳು ಬರುವುದಕ್ಕೆ ನೂರಾ ಮೂವತ್ತು ವರ್ಷ ಮೊದಲೇ ದಾವಣಗೆರೆಯ ಬದುಕು ಮಗ್ಗದ ಮೇಲೆ ನಿಂತಿತ್ತು.

ಹರಿಹರ ಆಗ ಗಡಿಯ ಊರು. ಈಚೆ ದಡ ಮೈಸೂರಿನದು, ಆಚೆ ದಡ ಮರಾಠರದು. ವಿಜಯನಗರ ಬಿದ್ದ ಮೇಲೆ ಈ ಊರು ತರೀಕೆರೆ ಪಾಳೆಯಗಾರರ ಕೈಗೆ ಹೋಯಿತು, ಅಲ್ಲಿಂದ ಸವಣೂರು ನವಾಬರಿಗೆ, ಆಮೇಲೆ ಬಿದನೂರು ಅರಸರಿಗೆ, ಮತ್ತೆ ಮರಾಠರಿಗೆ. 1763ರಲ್ಲಿ ಹೈದರಾಲಿ ಹಿಡಿದ. ಅದಾದ ಮೇಲೂ ಮರಾಠರು ಮೂರು ಸಲ ವಶ ಮಾಡಿಕೊಂಡರು. ಇಷ್ಟು ಕೈ ಬದಲಾದ ಊರು ನಮ್ಮ ಸುತ್ತಮುತ್ತ ಇನ್ನೊಂದಿಲ್ಲ. ಕಾರಣ ಹೊಳೆ. ದಾಟುವ ಜಾಗ ಯಾರ ಕೈಯಲ್ಲಿದೆಯೋ ದಾರಿ ಅವರದ್ದು.

ಸೇತುವೆ ಬಂದ ಮೇಲೆ

1868ರಲ್ಲಿ ಈ ಲೆಕ್ಕ ಮುಗಿಯಿತು. ಕಲ್ಲು, ಇಟ್ಟಿಗೆಯ ಸೇತುವೆ ಎದ್ದಿತು. ಒಂದೊಂದೂ 60 ಅಡಿ ಅಗಲದ 14 ಕಮಾನುಗಳು, ಖರ್ಚು ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವವರು ಇನ್ನು ಮಳೆಗಾಲ ಬೇಸಿಗೆ ಅಂತ ನೋಡಬೇಕಿರಲಿಲ್ಲ. ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ ರೈಲೂ ಬಂತು.

ಇದರಿಂದ ಊರಿಗೆ ಒಳ್ಳೆಯದಾಯಿತು. ಆದರೆ ಒಂದು ಬದಲಾವಣೆಯೂ ಆಯಿತು. ಹೊಳೆ ಇಳಿಯಲಿ ಅಂತ ಕಾಯುತ್ತಿದ್ದವರು ಹರಿಹರದಲ್ಲಿ ನಾಲ್ಕು ದಿನ ಉಳಿಯುತ್ತಿದ್ದರು, ಉಂಡು, ಮಲಗಿ, ದೇವರಿಗೆ ಕೈ ಮುಗಿದು ಹೋಗುತ್ತಿದ್ದರು. ಸೇತುವೆ ಬಂದ ಮೇಲೆ ಕಾಯುವ ಕೆಲಸ ಇಲ್ಲ. ಪಿ.ಬಿ. ರಸ್ತೆಯ ಬಸ್ಸಿನವರು ಐದು ನಿಮಿಷ ನಿಲ್ಲಿಸಿದರು. ಈಗ ಬೈಪಾಸಿನಲ್ಲಿ ಹೋಗುವ ಕಾರಿನವರಿಗೆ ಹರಿಹರ ಅಂದರೆ ಒಂದು ಹಸಿರು ಬೋರ್ಡು.

ಈಗ ಏನು ಕಾಣುತ್ತದೆ

ಆಟೋದವರು ಹೇಳಿದ ಹಾಗೆ ದೇವಸ್ಥಾನದಲ್ಲಿ ಜನ ಇರಲಿಲ್ಲ. ಅದಕ್ಕೇ ನೋಡಲು ಆಯಿತು. ತೇರಿನ ದಿನ ಕಂಬಕ್ಕೆ ಬೆನ್ನು ಒತ್ತಿ ನಿಲ್ಲುತ್ತೇವೆ, ಕಂಬ ನೋಡುವುದಿಲ್ಲ.

ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಈ ಗುಡಿ ಕಟ್ಟಿಸಿದ್ದು 1224ರಲ್ಲಿ. 115 ಚಿನ್ನದ ಕಳಸ ಇಡಿಸಿದನೆಂದು ಶಾಸನ ಹೇಳುತ್ತದೆ. 1268ರಲ್ಲಿ ಸೋಮ ದಂಡನಾಯಕ ಐದು ನೆಲೆಯ ಗೋಪುರ ಸೇರಿಸಿದ. ಸೋಮನಾಥಪುರದ ಗುಡಿ ಕಟ್ಟಿಸಿದವನೂ ಇವನೇ. ಒಳಗೆ ಇರುವ ಮೂರ್ತಿ ಬಲಕ್ಕೆ ಹರ, ಎಡಕ್ಕೆ ಹರಿ. ಗುಹಾಸುರನಿಗೆ ಹರಿಯಿಂದಲೂ ಹರನಿಂದಲೂ ಸಾವಿಲ್ಲ ಅಂತ ವರ ಇತ್ತಂತೆ, ಅದಕ್ಕೆ ಇಬ್ಬರೂ ಒಂದಾಗಿ ಬಂದರು. ಸೂಳೆಕೆರೆಯಿಂದ ಬರುವ ಹರಿದ್ರಾ ತುಂಗಭದ್ರೆಗೆ ಸೇರುವ ಜಾಗ ಇದು, ಹಳೆಯ ಹೆಸರು ಕೂಡಲೂರು. ಹೊಳೆ ಹೊಳೆ ಕೂಡುವಲ್ಲಿ ದೇವರೂ ಕೂಡಿದ್ದಾರೆ.

ನನ್ನನ್ನು ನಿಲ್ಲಿಸಿದ್ದು ಮಂಟಪದ ಕಂಬಗಳು. ಗುಂಡಗೆ, ನುಣ್ಣಗೆ, ಒಂದರ ಮೇಲೊಂದು ಬಳೆ ಇಟ್ಟ ಹಾಗೆ. ಇಂಥ ಹೊಯ್ಸಳ ಕಂಬಗಳನ್ನು ಲೇತಿನ ಹಾಗೆ ಕಲ್ಲು ತಿರುಗಿಸಿ ಕಡೆದಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಏಳು ನೂರು ವರ್ಷ ಬಿಟ್ಟು, 1941ರಲ್ಲಿ, ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದೂ ಲೇತ್. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಹರಿಹರದ ಲೇತ್ ತಿರುಗಿತು. 2000ದ ಆಸುಪಾಸಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ದುಡಿದವರ ಮಕ್ಕಳು ಇವತ್ತು ಬೆಂಗಳೂರು, ಪುಣೆಯ ಬಸ್ ಹತ್ತುತ್ತಾರೆ. ಆ ಬಸ್ಸೂ ಎಷ್ಟೋ ಸಲ ಬೈಪಾಸಿನಲ್ಲೇ ನಿಲ್ಲುತ್ತದೆ.

ದೇವಸ್ಥಾನದಿಂದ ಹೊಳೆಗೆ ಇಳಿದೆ. ಮಳೆಗಾಲದಲ್ಲಿ ಮುಳುಗುವ ಬಂಡೆಗಳು, ಮರಳಿನ ದಿಬ್ಬಗಳು ಎಲ್ಲ ಹೊರಗಿದ್ದವು. ಅವುಗಳ ನಡುವೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಹಳೆಯ ದೇವರ ಫೋಟೋ, ಬಟ್ಟೆಯೂ ಹೊರಗಿದ್ದವು. ಚರಂಡಿಯ ನೀರು ಎಲ್ಲಿ ಬಂದು ಸೇರುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಹೊಳೆ ತುಂಬಿದಾಗ ಇದು ಯಾವುದೂ ಕಾಣುವುದಿಲ್ಲ.

ಆಚೆ ದಡದ ಕುಮಾರಪಟ್ಟಣಂನಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಸಾವಿರಾರು ಮನೆಗೆ ಅನ್ನ ಕೊಟ್ಟಿತು. 1980ರ ದಶಕದಲ್ಲಿ ಅದರ ತ್ಯಾಜ್ಯ ನೀರಿನ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯದ ಜೊತೆ ದಂಡೆಯ ಹಳ್ಳಿಗಳ ಜನ ಹೋರಾಟಕ್ಕೆ ಇಳಿದರು. ಅವರಿಗೂ ಬೇಸಿಗೆಯ ಹೊಳೆಯೇ ಸಾಕ್ಷಿ. ನೀರು ಕಡಿಮೆಯಾದಾಗ ಹೊಲಸು ತೇಲಿ ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ.

ಇನ್ನೊಂದು ವ್ಯತ್ಯಾಸ. ಬುಕಾನನ್ ಬಂದಾಗ ಬೇಸಿಗೆಯ ಹೊಳೆ ಮಲೆನಾಡಿನ ಒರತೆಯಿಂದ ಹರಿಯುತ್ತಿತ್ತು. ಈಗ ಭದ್ರಾ ಡ್ಯಾಮಿನಲ್ಲಿ ಎಷ್ಟು ಬಿಡುತ್ತಾರೆ ಅನ್ನುವುದರ ಮೇಲೂ ನಿಂತಿದೆ. ನಾಲೆಗೆ ಬಿಡಬೇಕೋ ಹೊಳೆಗೆ ಬಿಡಬೇಕೋ ಅಂತ ಪ್ರತಿ ಬೇಸಿಗೆ ಜಗಳ. ದಾವಣಗೆರೆ ಕುಡಿಯುವ ನೀರಿಗೆ ರಾಜನಹಳ್ಳಿಯಲ್ಲಿ ಪಂಪು ಇರುವುದೂ ಇದೇ ಹೊಳೆಗೆ. ಹೊಳೆ ಇಳಿದರೆ ದಾವಣಗೆರೆಯಲ್ಲಿ ಕೊಡ ಸಾಲು ನಿಲ್ಲುತ್ತವೆ. ಹಿಂದೆ ಹೊಳೆ ಇಳಿಯಲಿ ಅಂತ ಜನ ಕಾಯುತ್ತಿದ್ದರು, ಈಗ ಇಳಿದೀತು ಅಂತ ಹೆದರುತ್ತಾರೆ.

ನೀವು ದಾವಣಗೆರೆ, ಮಲೇಬೆನ್ನೂರು, ರಾಣೆಬೆನ್ನೂರು ಕಡೆಯವರಾದರೆ ಈ ಮಳೆಗೆ ಮುಂಚೆ ಒಂದು ಬೆಳಗ್ಗೆ ಹರಿಹರಕ್ಕೆ ಹೋಗಿ ಬನ್ನಿ. ದಾವಣಗೆರೆಯಿಂದ 14 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಕಂಬ ಮುಟ್ಟಿಸಿ, ಅಂಗಳದ ಶಾಸನದ ಕಲ್ಲು ತೋರಿಸಿ. ಅದು ಕನ್ನಡ, ಕೂತು ನೋಡಿದರೆ ಒಂದೆರಡು ಅಕ್ಷರ ಗುರುತು ಸಿಗುತ್ತವೆ. ಆಮೇಲೆ ಹೊಳೆಗೆ ಇಳಿಯಿರಿ. ಏಳು ಗಂಟೆಗೆ ಹೋದರೆ ಬಿಸಿಲು ಏರುವಷ್ಟರಲ್ಲಿ ಮುಗಿಯುತ್ತದೆ, ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬರಬಹುದು.

ನಾನು ವಾಪಸ್ ಬರುವಾಗ ಅದೇ ಆಟೋ ಸಿಕ್ಕಿತು. "ಏನ್ ನೋಡಿದ್ರಿ ಸಾ?" ಅಂದರು. ಲೇತಿನ ಕಂಬದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಗಾಡಿ ಓಡಿಸಿದರು. ಆಮೇಲೆ, "ನಮ್ಮಪ್ಪ ಕಿರ್ಲೋಸ್ಕರ್‌ನಾಗ ಟರ್ನರ್ ಇದ್ರು. ಅವರಿಗೆ ಗೊತ್ತಿತ್ತೋ ಏನೋ, ನಾನೇ ಕೇಳಲಿಲ್ಲ" ಅಂದರು.