ದಾಬೋಲಿಮ್‌ನಿಂದ ಪಾರಾದ ಎರಡು ವಿಮಾನಗಳು

ಲೋಹೆಗಾಂವ್‌ನಿಂದ ಬೆಂಗಳೂರಿಗೆ ಹೊರಟ ಪುಣೆಯ ಪ್ರಯಾಣಿಕನಿಗೆ, ತನ್ನ ವಿಮಾನ ಓಡುತ್ತಿರುವುದು ವಾಯುಸೇನೆಯ ರನ್‌ವೇ ಮೇಲೆಂಬುದು ನೆನಪಾಗುವುದು ಅಪರೂಪ. 1961ರ ಗೋವಾ ಕಾರ್ಯಾಚರಣೆಗೆ ಪುಣೆ ಮತ್ತು ಬೆಳಗಾವಿಯ ಸಾಂಬ್ರಾ ವಾಯುಸೇನೆಯ ಮುಖ್ಯ ನೆಲೆಗಳಾಗಿದ್ದವು. ಆ ಕಥನದಲ್ಲಿ ಬಾಂಬರ್‌ಗಳಿಗೆ ದೊರೆತ ಸ್ಥಾನ ಸಾಗಣೆ ವಿಮಾನಗಳಿಗೆ ದೊರೆತಿಲ್ಲ. ನನ್ನ ದೃಷ್ಟಿಯಲ್ಲಿ ಪೋರ್ಚುಗೀಸರ ಸೋಲನ್ನು ಬಾಂಬುಗಳಿಗಿಂತ ಮೊದಲೇ ಬರೆದದ್ದು ಸಾಗಣೆಯ ವೈಫಲ್ಯ.

ಗೋವಾದ ಪೋರ್ಚುಗೀಸ್ ಪಡೆಗೆ ಟ್ಯಾಂಕ್ ನಿರೋಧಕ ಗ್ರೆನೇಡುಗಳು ತುರ್ತಾಗಿ ಬೇಕಿದ್ದವು. ಡಿಸೆಂಬರ್ 16ರಂದು ಹತ್ತು ಟನ್ ಗ್ರೆನೇಡುಗಳನ್ನು ಒಯ್ಯಲು ಪೋರ್ಚುಗಲ್ಲಿನ ವಾಯುಸೇನೆ ಸಿದ್ಧವಾಯಿತು. ವಿಮಾನಗಳಿದ್ದವು, ಸರಕೂ ಇತ್ತು. ನಡುವೆ ಇಳಿದು ಇಂಧನ ತುಂಬಿಕೊಳ್ಳಲು ದಾರಿಯ ದೇಶಗಳ ಅನುಮತಿ ಮಾತ್ರ ಸಿಗಲಿಲ್ಲ. ಹೊಣೆ ನಾಗರಿಕ ವಿಮಾನ ಸಂಸ್ಥೆಗೆ ವರ್ಗವಾಯಿತು. ಆದರೆ ಕರಾಚಿಯ ಮೂಲಕ ಶಸ್ತ್ರಾಸ್ತ್ರ ಸಾಗಿಸಲು ಪಾಕಿಸ್ತಾನವೂ ಒಪ್ಪಲಿಲ್ಲ. ಕಡೆಗೆ 17ರ ಸಂಜೆ ದಾಬೋಲಿಮ್‌ನಲ್ಲಿ ಇಳಿದ ಕಾನ್‌ಸ್ಟೆಲೇಶನ್ ವಿಮಾನದಲ್ಲಿದ್ದದ್ದು ಕೆಲವು ಚೀಲ ಸಾಸೇಜ್! ಜೊತೆಗೆ, ನಾಗರಿಕರ ತೆರವಿಗೆ ನೆರವಾಗಲು ಬಂದ ಮಹಿಳಾ ಪ್ಯಾರಾಚೂಟ್ ಸಿಬ್ಬಂದಿ.

ಮರುದಿನ ಬೆಳಗ್ಗೆ ಹನ್ನೆರಡು ಕ್ಯಾನ್‌ಬೆರಾಗಳು ದಾಬೋಲಿಮ್ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಸುರಿದವು. ಟರ್ಮಿನಲ್ ಕಟ್ಟಡಕ್ಕೆ ಧಕ್ಕೆಯಾಗಬಾರದೆಂಬುದು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರಿಗೆ ನೀಡಲಾಗಿದ್ದ ಆದೇಶವಾಗಿತ್ತು. ಅದರ ಮುಂದೆ ನಿಂತಿದ್ದ ಎರಡು ನಾಗರಿಕ ವಿಮಾನಗಳೂ ಉಳಿದವು. ಆ ರಾತ್ರಿ ಕೆಲಸಗಾರರು ರನ್‌ವೇಯ ಒಂದು ತುಂಡನ್ನು ತರಾತುರಿಯಲ್ಲಿ ದುರಸ್ತಿ ಮಾಡಿದರು. ಅಧಿಕಾರಿಗಳ ಕುಟುಂಬದವರನ್ನು ಹೊತ್ತು ಕಾನ್‌ಸ್ಟೆಲೇಶನ್ ಕೇವಲ 700 ಮೀಟರ್‌ಗಳಷ್ಟು ಓಡಿ ಮೇಲೇರಿತು. ಚದುರಿದ ಕಲ್ಲುಚೂರುಗಳು ಬಡಿದು ಅದರ ಒಡಲಿನಲ್ಲಿ 25 ತೂತುಗಳಾಗಿದ್ದವು, ಒಂದು ಟೈರೂ ಹೋಗಿತ್ತು. ಡಗ್ಲಸ್ ವಿಮಾನವೂ ಹಾಗೆಯೇ ಪಾರಾಯಿತು. ಕಣ್ಣಿಗೆ ಬೀಳದಂತೆ ಎರಡೂ ತೀರ ಕೆಳಮಟ್ಟದಲ್ಲಿ ಹಾರಿದವು. ಕಟ್ಟಡವನ್ನು ಕಾಪಾಡಿದ ಸಂಯಮವೇ ಈ ಪಲಾಯನಕ್ಕೂ ದಾರಿ ಮಾಡಿತಾದರೂ, ಹೊರಟವರು ಸಂಸಾರಸ್ಥರೆಂಬುದನ್ನು ನೆನೆದರೆ ಅದನ್ನು ಲೋಪವೆನ್ನಲು ನನಗೆ ಮನಸ್ಸಿಲ್ಲ.

ಇತ್ತ ಭಾರತದ 50ನೆಯ ಪ್ಯಾರಾಚೂಟ್ ಬ್ರಿಗೇಡ್, ಆಕಾಶದಿಂದ ಇಳಿಯಲೆಂದೇ ತರಬೇತಾದ ಪಡೆ, ನೆಲದ ಮೇಲೆಯೇ ಸಾಗಿ ಪಣಜಿ ಸೇರಿತು. 19ರ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು. ಆ ಎರಡು ವಿಮಾನಗಳು ಇಳಿದದ್ದು, ಗ್ರೆನೇಡುಗಳಿಗೆ ದಾರಿ ಕೊಡದ ಅದೇ ಕರಾಚಿಯಲ್ಲಿ.